ವಿಜಯದ ಒಂಬತ್ತು ಸೆಕೆಂಡು

ಮೇಜಿನ ಖಾನೆ ಚೊಕ್ಕ ಮಾಡುವಾಗ ಹೋದ ವರ್ಷದ ನೋಟ್‌ಬುಕ್ಕಿನ ಒಂದು ಹಾಳೆ ಸಿಕ್ಕಿತು. ಸ್ಕೇಲಿಟ್ಟು ಗೆರೆ ಎಳೆದು ಐದು ಕಲಂ ಮಾಡಿದ್ದೇನೆ: ತಾರೀಖು, ಗೆಲುವು, ಸೋಲು, ನೀರು, ಹಿಮ. ಬೇರೆ ಯಾರಾದರೂ ನೋಡಿದರೆ ಹವಾಮಾನ ಇಲಾಖೆಯವರು ಯಾರೋ ನಮ್ಮ ಮನೆಗೆ ಬಂದು ಮರೆತು ಹೋದದ್ದು ಎಂದುಕೊಂಡಾರು. ಅದು ನಾನು ಮತ್ತು ನಮ್ಮಪ್ಪ ಸಂಜೆ ಹೊತ್ತು ಆಡುತ್ತಿದ್ದ ವಿಡಿಯೊ ಗೇಮಿನ ದಾಖಲೆ. ಗೆಲುವು, ಸೋಲು ಎಲ್ಲರಿಗೂ ಅರ್ಥವಾಗುತ್ತವೆ. ಹಿಮ ಮತ್ತು ನೀರಿನ ಕತೆಯನ್ನು ಮಾತ್ರ ಹೇಳಬೇಕಾಗುತ್ತದೆ.

ನನಗೆ ಎಣಿಸುವ ಚಾಳಿ. ಜಯನಗರದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕಗಳ ಬೆನ್ನಿಗೆ ಸಂಖ್ಯೆ ಅಂಟಿಸುವ ಕೆಲಸ ಸಿಕ್ಕಿದ್ದರಿಂದ ಆ ಚಾಳಿಗೆ ಸಂಬಳವೂ ಬರುವಂತಾಯಿತು, ಅಷ್ಟೆ. ಚಾಳಿ ಅದಕ್ಕಿಂತ ಹಳೆಯದು. ನನ್ನ ಮೊದಲ ಪಟ್ಟಿ ಯಾವುದರ ಬಗ್ಗೆ ಎಂದು ನೆನಪಿದೆ: ನಮ್ಮ ಮನೆಯ ಗೇಟಿನ ಬಗ್ಗೆ. ಅಪ್ಪನ ಅಂಗಡಿಗೆ ಮಂಗಳವಾರ ರಜೆ. ಅವತ್ತು ಟಿವಿಯಲ್ಲಿ ಮನೆಯವರೆಲ್ಲ ಕೂತು ಒಂದು ಸಿನಿಮಾ ನೋಡುತ್ತಿದ್ದೆವು. ನಾಯಕ ನಾಯಕಿ ಮಳೆಯಲ್ಲಿ ನೆನೆದು ಸ್ವಲ್ಪ ಹತ್ತಿರ ಬಂದರೆಂದರೆ ಅಪ್ಪ ಗಂಟಲು ಸರಿಮಾಡಿಕೊಳ್ಳುತ್ತಿದ್ದರು, ಅಮ್ಮ ನನ್ನ ಕಡೆ ತಿರುಗಿ ಗೇಟು ಹಾಕಿದೆಯಾ ನೋಡಿಕೊಂಡು ಬಾ ಎನ್ನುತ್ತಿದ್ದಳು. ನಾನು ಓಡಿಹೋಗಿ ನೋಡುತ್ತಿದ್ದೆ. ಹಾಕಿಯೇ ಇರುತ್ತಿತ್ತು. ವಾಪಸು ಬರುವಷ್ಟರಲ್ಲಿ ಹಾಡು ಮುಗಿದು ಯಾರೋ ಯಾರನ್ನೋ ಹೊಡೆಯುತ್ತಿದ್ದರು. ಒಂದು ಸಿನಿಮಾಕ್ಕೆ ನಾಲ್ಕು ಸಲ ಗೇಟು ಎಂದು ಬರೆದಿಟ್ಟಿದ್ದೇನೆ. ಜೆಪಿ ನಗರದ ನಮ್ಮ ಬೀದಿಯಲ್ಲಿ ಆಗ ನಮ್ಮದರಷ್ಟು ಭದ್ರವಾದ ಗೇಟು ಇನ್ನೊಂದು ಇರಲಿಲ್ಲ. ಕಳ್ಳರು ಹಾಡಿನ ಹೊತ್ತಿನಲ್ಲೇ ಬರುತ್ತಾರೆ ಎಂದು ನಾನು ಬಹಳ ದಿನ ನಂಬಿದ್ದೆ.

ದೊಡ್ಡವಳಾದ ಮೇಲೆ ವಿಚಾರಿಸಿದರೆ ಪ್ರತಿ ಮನೆಗೂ ಇಂಥದ್ದೊಂದು ಪದ್ಧತಿ ಇತ್ತೆಂದು ತಿಳಿಯಿತು. ಬನಶಂಕರಿಯ ಗೆಳತಿಯ ಮನೆಯಲ್ಲಿ ಅವಳ ದೊಡ್ಡಪ್ಪ ಎದ್ದುಹೋಗಿ ಫ್ಯಾನಿನ ವೇಗ ಬದಲಿಸುತ್ತಿದ್ದರಂತೆ, ಡಿಸೆಂಬರಿನಲ್ಲೂ. ಇನ್ನೊಬ್ಬಳ ಮನೆಯಲ್ಲಿ ಹಾಲು ಉಕ್ಕುತ್ತಿತ್ತಂತೆ. ಒಲೆ ಹಚ್ಚಿಯೇ ಇಲ್ಲದಿದ್ದರೂ.

ಈಗ ಅಪ್ಪನ ವಿಷಯ. ಅಪ್ಪ ಮೂವತ್ತು ವರ್ಷ ಲೇಡೀಸ್ ಟೈಲರ್. ಜಯನಗರ ನಾಲ್ಕನೇ ಬ್ಲಾಕಿನ ಹಿಂದಿನ ರಸ್ತೆಯಲ್ಲಿ ಒಂದು ಮೆಷಿನ್ನು, ಒಂದು ಇಸ್ತ್ರಿ ಟೇಬಲ್ಲು ಹಿಡಿಸುವಷ್ಟೇ ಜಾಗದ ಅಂಗಡಿ. ನಾನು ಏಳುವ ಹೊತ್ತಿಗೆ ಅವರು ಹೊರಟಿರುತ್ತಿದ್ದರು, ಬರುವ ಹೊತ್ತಿಗೆ ನಾನು ಮಲಗಿರುತ್ತಿದ್ದೆ. ನಾನು ಎಷ್ಟು ಬೆಳೆದಿದ್ದೇನೆ ಎಂಬುದು ಅವರಿಗೆ ಯೂನಿಫಾರಮ್ಮಿನ ಅಂಚು ಬಿಚ್ಚುವಾಗಲೇ ಗೊತ್ತಾಗುತ್ತಿತ್ತು. ಜಗಳವಿಲ್ಲ, ಮುನಿಸಿಲ್ಲ. ಮಾತಿಗೆ ವಿಷಯವೇ ಇರಲಿಲ್ಲ. ಊಟ ಆಯ್ತಾ ಎನ್ನುವುದು, ಆಯ್ತು ಎನ್ನುವುದು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು.

ಹೋದ ವರ್ಷ ಅಪ್ಪ ಸ್ಕೂಟರಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಮೂಳೆ ಕೂಡಿತು, ಹೆಬ್ಬೆರಳು ಮಾತ್ರ ಬಗ್ಗಲಿಲ್ಲ. ಕತ್ತರಿ ಹಿಡಿಯಲಾರದ ಟೈಲರು ಅಂಗಡಿ ಮುಚ್ಚಿ ಮನೆಯಲ್ಲಿ ಕೂತರು. ಫಿಸಿಯೋಥೆರಪಿಯವರು ಒಂದು ಮೆತ್ತನೆಯ ಚೆಂಡು ಕೊಟ್ಟು ದಿನಕ್ಕೆ ಇನ್ನೂರು ಸಲ ಹಿಚುಕಿ ಎಂದರು. ಮೂರನೇ ದಿನಕ್ಕೆ ಅಪ್ಪ ಆ ಚೆಂಡನ್ನು ಸೋಫಾದ ಕೆಳಗೆ ಉರುಳಿಸಿ, ಕಳೆದುಹೋಯಿತು ಎಂದರು. ಚಿಕ್ಕಮ್ಮನ ಮಗಳು ಮದುವೆಯಾಗಿ ಹೊರಟಾಗ ನನಗೆ ದಾಟಿಸಿದ್ದ ಗೇಮಿನ ಪೆಟ್ಟಿಗೆ ಟಿವಿ ಪಕ್ಕದಲ್ಲಿತ್ತು. ಅದರ ಕಂಟ್ರೋಲರನ್ನು ಅಪ್ಪನ ಕೈಗೆ ಕೊಟ್ಟು, ಹೆಬ್ಬೆರಳಿಗೆ ಇದೂ ವ್ಯಾಯಾಮವೇ ಎಂದೆ.

ನಾಲ್ಕು ಜನ ಸೇರಿ ರಾಕ್ಷಸರ ಗುಂಪನ್ನು ಸದೆಬಡಿಯುವ ಆಟ ಅದು. ಟಿವಿಯ ಪರದೆ ಎರಡು ಪಾಲಾಗಿ ಒಂದು ಪಾಲು ಅಪ್ಪನಿಗೆ, ಒಂದು ನನಗೆ. ಉಳಿದಿಬ್ಬರು ಎಲ್ಲೆಲ್ಲೋ ಕೂತು ಇಂಟರ್‌ನೆಟ್ಟಿನ ಮೂಲಕ ಸೇರಿಕೊಳ್ಳುವ ಅಪರಿಚಿತರು. ನಾನು ಗದೆ ಹಿಡಿದ ದಾಂಡಿಗನನ್ನು ಆರಿಸಿಕೊಂಡೆ. ಬಂದೂಕಿನ ಸದ್ದು ಅಪ್ಪನಿಗೆ ಆಗದು, ಅದಕ್ಕೆ ಬಿಲ್ಲುಗಾರ್ತಿಯನ್ನು ಆರಿಸಿಕೊಂಡರು. ಚರ್ಮದ ಅಂಗಿ, ದಪ್ಪ ಷರಾಯಿ, ಬೆನ್ನಿಗೆ ಬತ್ತಳಿಕೆ. ಮೊದಲ ವಾರ ಅಪ್ಪ ಬಿಟ್ಟ ಬಾಣಗಳಲ್ಲಿ ಹೆಚ್ಚಿನವು ನನ್ನ ಬೆನ್ನಿಗೇ ನಾಟಿದವು. ಎರಡನೇ ತಿಂಗಳಿಗೆ ಅವರು ನನಗಿಂತ ಚೆನ್ನಾಗಿ ಆಡುತ್ತಿದ್ದರು. ಮೂವತ್ತು ವರ್ಷ ಸೂಜಿಗೆ ದಾರ ಪೋಣಿಸಿದ ಕಣ್ಣು, ಗುರಿ ತಪ್ಪಲಿಲ್ಲ.

ಸಂಜೆ ಆರೂವರೆಯಿಂದ ಏಳೂವರೆ. ಆ ಒಂದು ಗಂಟೆಯಲ್ಲಿ ಅಪ್ಪ ನನ್ನೊಂದಿಗೆ ಮಾತಾಡಿದರು. ಎಡಕ್ಕೆ ಬಾ, ಹಿಂದೆ ಒಬ್ಬ ಇದ್ದಾನೆ ನೋಡು, ಸತ್ತೆಯಾ, ಇರು ಬದುಕಿಸ್ತೀನಿ. ಹೊರಗಿನವರಿಗೆ ಇದೇನು ಮಹಾ ಮಾತಲ್ಲ. ಆದರೆ ಬಾಣ ಬಿಡುತ್ತ ಬಿಡುತ್ತಲೇ ಅವರು ತಮ್ಮ ಮೊದಲ ಗಿರಾಕಿಯ ಬಗ್ಗೆ ಹೇಳಿದರು, ಅಮ್ಮನನ್ನು ನೋಡಲು ಹೋದ ದಿನ ತಾವೇ ಹೊಲಿದುಕೊಂಡ ಷರ್ಟಿನ ತೋಳು ಒಂದು ಗಿಡ್ಡವಾಗಿದ್ದನ್ನು ಹೇಳಿದರು. ಎದುರುಬದುರು ಕೂತು ಆಡಲಾಗದ ಮಾತು ಒಂದೇ ದಿಕ್ಕಿಗೆ ನೋಡುತ್ತ ಕೂತಾಗ ತಾನಾಗಿ ಬರುತ್ತದೆ. ನನಗೆ ಅಪ್ಪ ಸಿಕ್ಕಿದ್ದು ಆ ಗಂಟೆಯಲ್ಲಿ. ಅದು ತಪ್ಪಿಹೋದರೆ ಮತ್ತೆ ಊಟ ಆಯ್ತಾ, ಆಯ್ತು.

ಹೀಗಿರುವಾಗ ಒಂದು ಶುಕ್ರವಾರ ಗೇಮು ಹೊಸದಾಯಿತು. ಇಂಥ ಆಟಗಳನ್ನು ಮಾಡುವವರು ಆಗಾಗ ಬಣ್ಣ ಬಳಿದು, ಹೊಸ ಊರು ಹೊಸ ರಾಕ್ಷಸರನ್ನು ಸೇರಿಸಿ ಕಳಿಸುತ್ತಾರೆ. ನಮ್ಮ ಬಿಲ್ಲುಗಾರ್ತಿಯ ಅಂಗಿಯನ್ನು ಯಾರೋ ಒಯ್ದಿದ್ದರು. ಷರಾಯಿಯೂ ಹೋಗಿತ್ತು. ಉಳಿದದ್ದಕ್ಕೆ ಗೇಮಿನ ಭಾಷೆಯಲ್ಲಿ ಕವಚ ಎಂದು ಹೆಸರು. ಒಂದು ಕರ್ಚೀಫಿನಲ್ಲಿ ಅಂಥ ಎರಡು ಕವಚ ಹೊಲಿಯಬಹುದಿತ್ತು. ಅಷ್ಟೇ ಆಗಿದ್ದರೆ ಆಟದ ಗಡಿಬಿಡಿಯಲ್ಲಿ ತೇಲಿಹೋಗುತ್ತಿತ್ತೇನೋ. ಗೆದ್ದಾಗ ಒಂದು ವಿಜಯದ ದೃಶ್ಯ ಬರುತ್ತದೆ. ನನ್ನ ದಾಂಡಿಗ ತಲೆಯಿಂದ ಕಾಲಿನವರೆಗೆ ಉಕ್ಕು ತೊಟ್ಟು ಗದೆ ಎತ್ತುತ್ತಾನೆ, ಮೂರು ಸೆಕೆಂಡು. ಬಿಲ್ಲುಗಾರ್ತಿಯ ಸರದಿಯಲ್ಲಿ ಕ್ಯಾಮೆರಾ ಅವಳ ಪಾದದಿಂದ ಹೊರಟು, ನೆಲದಲ್ಲಿ ಏನೋ ಬೀಳಿಸಿಕೊಂಡವರು ಹುಡುಕುವಂತೆ ಸುತ್ತಿ ಸುತ್ತಿ ನಿಂತು ನಿಂತು ಮೇಲೆ ಬರುತ್ತದೆ. ಒಂಬತ್ತು ಸೆಕೆಂಡು. ವಾಚು ಹಿಡಿದು ನೋಡಿದ್ದೇನೆ.

ಮೊದಲ ಸಲ ಆ ಕ್ಯಾಮೆರಾ ಮೊಣಕಾಲು ದಾಟುತ್ತಿದ್ದಂತೆ ಅಪ್ಪ ಕಂಟ್ರೋಲರ್ ಕೆಳಗಿಟ್ಟು, ನೀರು ಕುಡಿದು ಬರ್ತೀನಿ ಎಂದು ಎದ್ದರು. ಎರಡನೇ ಗೆಲುವಿಗೂ ನೀರು. ಮೂರನೆಯದಕ್ಕೂ. ಆ ರಾತ್ರಿ ನೋಟ್‌ಬುಕ್ಕಿನಲ್ಲಿ ಹೊಸ ಕಲಂ ಎಳೆದೆ. ಒಂದು ಗಂಟೆಗೆ ಸರಾಸರಿ ನಾಲ್ಕು ಲೋಟ. ಅಡುಗೆಮನೆಯಿಂದ ಅಮ್ಮ, ಇವರಿಗೆ ಶುಗರ್ ಟೆಸ್ಟ್ ಮಾಡಿಸಬೇಕು ಎನ್ನತೊಡಗಿದಳು.

ನನಗೆ ಸಿಟ್ಟಿಗಿಂತ ಹೆಚ್ಚಾಗಿ ಕುತೂಹಲ. ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಒಂಬತ್ತು ಸೆಕೆಂಡು ಮಾಡಿರಬಹುದು? ಅವಳು ಬಿಟ್ಟ ಬಾಣಕ್ಕೂ ಇದಕ್ಕೂ ಸಂಬಂಧವಿಲ್ಲ, ಕತೆಗೂ ಇಲ್ಲ. ನೋಡುವವರಿಗೆ ಇದು ಏನು ಮಾಡುತ್ತದೆ? ಕೆಡಿಸುತ್ತದೆಯೇ, ಖುಷಿಪಡಿಸುತ್ತದೆಯೇ, ಅಥವಾ ಏನೂ ಮಾಡದೆ ಹಾದುಹೋಗುತ್ತದೆಯೇ? ಗ್ರಂಥಾಲಯದಲ್ಲಿ ನನ್ನ ಪಕ್ಕದ ಕುರ್ಚಿಯ ಶಶಾಂಕ ಬಿಟಿಎಂ ಲೇಔಟಿನಿಂದ ಬರುವವನು, ಈ ಆಟವನ್ನು ನನಗಿಂತ ಮೊದಲಿನಿಂದ ಆಡಿದವನು. ಅವನನ್ನು ಕೇಳಿದೆ.

"ಅದೆಲ್ಲ ಕಾಣ್ಸೋದೇ ಇಲ್ಲ ಗುರು. ಮೊದಲನೇ ದಿನ ನೋಡ್ತೀವಿ, ಆಮೇಲೆ ಗೋಡೆ ಮೇಲಿನ ಕ್ಯಾಲೆಂಡರ್ ಇದ್ದಂಗೆ."

ಕಾಣಿಸುವುದೇ ಇಲ್ಲ ಎಂಬ ಮಾತು ನನಗೆ ಹಿಡಿಸಿತು. ಪರೀಕ್ಷೆ ಮಾಡಿದೆ. ಈ ಆಟ ಆಡುವ ಗೊತ್ತಿದ್ದವರನ್ನೆಲ್ಲ ಒಂದೇ ಪ್ರಶ್ನೆ ಕೇಳಿದೆ, ಹನ್ನೊಂದು ಜನ ಸಿಕ್ಕರು: ಬಿಲ್ಲುಗಾರ್ತಿಯ ಕಣ್ಣಿನ ಬಣ್ಣ ಯಾವುದು? ಒಬ್ಬರಿಗೂ ಗೊತ್ತಿರಲಿಲ್ಲ. ನಾನು ಗೆದ್ದ ಮುಖ ಮಾಡಿಕೊಂಡು ಅದನ್ನು ಬರೆದಿಡಲು ಹೊರಟೆ. ಆಗ ಶಶಾಂಕ, ಸರಿ, ಯಾವ ಬಣ್ಣ ಹೇಳಿಬಿಡು ಎಂದ. ನನಗೂ ಗೊತ್ತಿರಲಿಲ್ಲ. ಅಷ್ಟು ಹೊತ್ತಿಗೆ ಆ ದೃಶ್ಯಕ್ಕೆ ನಾನು ಎಪ್ಪತ್ತು ಸಲವಾದರೂ ವಾಚು ಹಿಡಿದಿದ್ದೆ. ಹನ್ನೊಂದನ್ನು ಹನ್ನೆರಡು ಮಾಡಿ ಪುಸ್ತಕ ಮುಚ್ಚಿದೆ.

ಇಷ್ಟರಲ್ಲಿ ಅಪ್ಪನಲ್ಲಿ ಇನ್ನೊಂದು ಬದಲಾವಣೆ. ಪ್ರತಿ ಸುತ್ತಿಗೂ ಮೊದಲು ಯಾವ ಊರಲ್ಲಿ ಯುದ್ಧ ಎಂದು ಆರಿಸಬೇಕು. ಮರುಭೂಮಿ, ಕಾಡು, ಬಂದರು, ಹಿಮದ ಬೆಟ್ಟ ಹೀಗೆ ಆರು. ಅಪ್ಪ ಹಿಮದ ಬೆಟ್ಟವನ್ನೇ ಆರಿಸತೊಡಗಿದರು. ಬೇರೆ ಕಡೆ ಹೋಗೋಣ ಎಂದರೆ, ಇಲ್ಲೇ ಚೆನ್ನಾಗಿದೆ ಬಿಡು ಎನ್ನುತ್ತಿದ್ದರು. ಹಾಗಾಗಿ ಹಿಮದ ಕಲಂ. ಇಪ್ಪತ್ತಮೂರು ಸಂಜೆಗಳಲ್ಲಿ ಹತ್ತೊಂಬತ್ತು ಹಿಮ. ಬೆಂಗಳೂರು ಬಿಟ್ಟು ಮೈಸೂರಿನಾಚೆ ಹೋಗದ ಮನುಷ್ಯ, ಈ ವಯಸ್ಸಿನಲ್ಲಿ ದಿನಾ ಹಿಮದಲ್ಲಿ ಓಡಾಡಬೇಕು ಎನ್ನುತ್ತಿದ್ದಾರೆ. ಪಟ್ಟಿ ನೋಡುತ್ತ ನನ್ನ ಕಣ್ಣು ತುಂಬಿತು. ಅಮ್ಮನಿಗೆ ತೋರಿಸಿದೆ. ನಮ್ಮದು ದಿನಾ ಬೆಳಿಗ್ಗೆ ವಿಭೂತಿ ಹಚ್ಚದೆ ಕಾಫಿ ಕುಡಿಯದ ಮನೆ. ಅಮ್ಮ ಆ ಹಾಳೆಯನ್ನು ಓದಿದ ರೀತಿಯೇ ಬೇರೆ.

"ಕೇದಾರನಾಥ ಕರೀತಿದಾನೆ ಕಣೇ ನಿಮ್ಮಪ್ಪನ್ನ," ಎಂದಳು.

ಮರುದಿನವೇ ಟ್ರಂಕಿನಿಂದ ಸ್ವೆಟರುಗಳು ಹೊರಬಂದು ತಾರಸಿಯಲ್ಲಿ ಬಿಸಿಲು ಕಾಯಿಸಿಕೊಂಡವು. ಎದುರುಮನೆ ಆಂಟಿಯಿಂದ ಯಾತ್ರೆಗೆ ಕರೆದೊಯ್ಯುವವರ ಕರಪತ್ರ ಬಂತು. ಎರಡು ದಿನ ಮನೆಯೆಲ್ಲ ನುಸಿಗುಳಿಗೆಯ ವಾಸನೆ. ಭಾನುವಾರ ಬೆಳಿಗ್ಗೆ ಅಮ್ಮ ಅಪ್ಪನ ಮುಂದೆ ಮಂಕಿಕ್ಯಾಪು ಇಟ್ಟು, ತಲೆಗೆ ಸರಿಹೋಗುತ್ತಾ ನೋಡಿ ಎಂದಳು. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ನಾನು ನನ್ನ ಸಂಶೋಧನೆಯನ್ನು ವಿವರಿಸಿದೆ. ಇಪ್ಪತ್ತಮೂರಕ್ಕೆ ಹತ್ತೊಂಬತ್ತು ಎಂದೆ.

ಅಪ್ಪ ಮಂಕಿಕ್ಯಾಪನ್ನು ಮಡಚಿ ಕೆಳಗಿಟ್ಟರು. ಆಮೇಲೆ ಗೋಡೆಗೆ ಹೇಳುವಂತೆ ಹೇಳಿದರು.

"ಕೇದಾರ ಅಲ್ಲಮ್ಮ. ಆ ಊರಲ್ಲಿ ಆ ಹುಡುಗಿ ಕೋಟ್ ಹಾಕ್ಕೊಂಡಿರ್ತಾಳೆ."

ನಿಜ. ಹಿಮದ ಬೆಟ್ಟದಲ್ಲಿ ಮಾತ್ರ ಗೇಮಿನವರು ಬಿಲ್ಲುಗಾರ್ತಿಗೆ ಮಂಡಿಯವರೆಗೆ ಬರುವ ತುಪ್ಪಳದ ಕೋಟು ಕೊಟ್ಟಿದ್ದರು. ಕ್ಯಾಮೆರಾ ಅಲ್ಲೂ ಸುತ್ತುತ್ತಿತ್ತು, ಆದರೆ ಅದಕ್ಕೆ ತುಪ್ಪಳ ಬಿಟ್ಟು ಇನ್ನೇನೂ ಸಿಗುತ್ತಿರಲಿಲ್ಲ. ಹಿಮ ಎಂದು ಬರೆದ ದಿನಗಳಲ್ಲಿ ನೀರಿನ ಕಲಂ ಹೆಚ್ಚುಕಡಿಮೆ ಖಾಲಿ ಇತ್ತು. ಎರಡೂ ಅಕ್ಕಪಕ್ಕದಲ್ಲೇ ಇದ್ದವು. ಬರೆದವಳಿಗೆ ಕಂಡಿರಲಿಲ್ಲ.

ಅಮ್ಮ ಮಂಕಿಕ್ಯಾಪು ಎತ್ತಿಕೊಂಡು ಒಳಗೆ ಹೋದಳು. ನಾನು ನಕ್ಕುಬಿಡಬೇಕಿತ್ತು. ನಗಲಿಲ್ಲ, ಅಪ್ಪನೂ ನಗಲಿಲ್ಲ. ಆ ಸಂಜೆ ಆರೂವರೆಗೆ ಅಪ್ಪ ಚಪ್ಪಲಿ ಮೆಟ್ಟಿಕೊಂಡು, ಡಾಕ್ಟರು ವಾಕಿಂಗ್ ಮಾಡಿ ಅಂದಿದಾರೆ ಎಂದು ಪುಟ್ಟೇನಹಳ್ಳಿ ಕೆರೆಯ ಕಡೆ ಹೊರಟರು. ಮರುದಿನವೂ ಹೊರಟರು. ಹೆಬ್ಬೆರಳ ವ್ಯಾಯಾಮಕ್ಕೆ ವಾಕಿಂಗ್ ಹೇಳಿದ ಡಾಕ್ಟರು ಯಾರೆಂದು ನಾನು ಕೇಳಲಿಲ್ಲ. ಏಳೂವರೆಗೆ ಬರುತ್ತಿದ್ದರು. ಊಟ ಆಯ್ತಾ ಎನ್ನುತ್ತಿದ್ದರು. ನೋಟ್‌ಬುಕ್ಕಿನಲ್ಲಿ ತಾರೀಖಿನ ಮುಂದೆ ಅಡ್ಡಗೆರೆ, ಅಡ್ಡಗೆರೆ, ಅಡ್ಡಗೆರೆ. ಎಂಟು ದಿನ.

ಆ ಎಂಟು ದಿನದಲ್ಲಿ ನನ್ನ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿತು, ನಾನು ಹುಡುಕುತ್ತಿದ್ದ ಉತ್ತರವಲ್ಲ. ಆ ಒಂಬತ್ತು ಸೆಕೆಂಡು ಅಪ್ಪನನ್ನು ಕೆಡಿಸಿರಲಿಲ್ಲ, ನನ್ನನ್ನೂ ಕೆಡಿಸಿರಲಿಲ್ಲ. ಒಬ್ಬೊಬ್ಬರೇ ಇದ್ದಿದ್ದರೆ ಇಬ್ಬರೂ ಶಶಾಂಕನ ಕ್ಯಾಲೆಂಡರಿನಂತೆ ಅದನ್ನು ದಾಟಿಬಿಡುತ್ತಿದ್ದೆವು. ಅದು ಬಂದು ಕೂತದ್ದು ನಮ್ಮಿಬ್ಬರ ನಡುವೆ, ಸೋಫಾದ ಮಧ್ಯದ ಜಾಗದಲ್ಲಿ. ಇದನ್ನು ಮಾಡಿದವರು ನೋಡುವವನು ಒಬ್ಬನೇ ಇರುತ್ತಾನೆ ಎಂದುಕೊಂಡಿದ್ದರು. ನಡುಮನೆಯಲ್ಲಿ ಅಪ್ಪ ಮಗಳು ಒಟ್ಟಿಗೆ ಕೂತು ಆಡಬಹುದು ಎಂಬುದು ಅವರ ಲೆಕ್ಕದಲ್ಲೇ ಇರಲಿಲ್ಲ.

ಒಂಬತ್ತನೇ ದಿನ ನಾನೂ ಚಪ್ಪಲಿ ಮೆಟ್ಟಿಕೊಂಡು ಕೆರೆಯ ಕಡೆ ಹೊರಟೆ. ಅಪ್ಪ ವಾಕಿಂಗ್ ಮಾಡುತ್ತಿರಲಿಲ್ಲ. ಕಲ್ಲಿನ ಬೆಂಚಿನ ಮೇಲೆ ಕೂತು ಬಲಗೈ ಹೆಬ್ಬೆರಳನ್ನು ಎಡಗೈಯಿಂದ ನೀವಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೂತೆ. ಇಬ್ಬರೂ ನೀರುಕೋಳಿಗಳನ್ನು ನೋಡತೊಡಗಿದೆವು, ಅಂದರೆ ಮತ್ತೆ ಒಂದೇ ದಿಕ್ಕಿಗೆ. ನಾನು ಕೇಳಿದೆ, ಅಪ್ಪಾ, ಅಷ್ಟು ಕಷ್ಟ ಆಗ್ತಿದ್ರೆ ನಂಗೆ ಯಾಕೆ ಹೇಳಲಿಲ್ಲ?

"ಹೇಳೋದೇನು? ಆ ತ್ರಿಕೋನದ ಬಟನ್ ಒತ್ತಿದ್ರೆ ಆ ದೃಶ್ಯ ಹಾರಿ ಮುಂದಕ್ಕೆ ಹೋಗುತ್ತೆ. ಮೊದಲನೇ ದಿನವೇ ನಂಗೆ ಗೊತ್ತಾಯ್ತು."

ನನಗೆ ಗೊತ್ತಿರಲಿಲ್ಲ. ಮತ್ತೆ ಒತ್ತಲಿಲ್ಲ ಯಾಕೆ ಎಂದೆ.

"ನೀನು ವಾಚ್ ಹಿಡ್ಕೊಂಡು ಅಷ್ಟು ಶ್ರದ್ಧೆಯಿಂದ ನೋಡ್ತಿದ್ದೆ ಕಣಮ್ಮ. ಬೆಳೆದ ಮಗಳು, ಏನೋ ಇಷ್ಟಪಟ್ಟು ನೋಡ್ತಿದಾಳೆ, ನಾನ್ಯಾಕೆ ಅಡ್ಡ ಬರ್ಲಿ ಅಂತ ಎದ್ದು ಹೋಗ್ತಿದ್ದೆ. ನೀರು ಕುಡಿದು ಕುಡಿದು ಸಾಕಾಗಿ ಆಮೇಲೆ ಹಿಮದ ಬೆಟ್ಟ ಹಿಡಿದೆ."

ಕೆರೆಯ ಏರಿ ಕುಸಿದು ನನ್ನನ್ನು ನುಂಗಬಾರದೇ ಎನಿಸಿತು. ನಾನು ಎಣಿಸುತ್ತಿದ್ದೆ ಅಪ್ಪಾ, ಬರೀ ಎಣಿಸುತ್ತಿದ್ದೆ ಎಂದು ಎರಡೆರಡು ಸಲ ಹೇಳಿದೆ. ಒಂಬತ್ತು ಸೆಕೆಂಡು, ಮೂರು ಸೆಕೆಂಡು, ನಾಲ್ಕು ಲೋಟ, ಹನ್ನೆರಡು ಜನ, ಎಲ್ಲ ಹೇಳಿದೆ. ಅಪ್ಪ ಮೊದಲು ಕೆಮ್ಮಿದರು. ಆ ಕೆಮ್ಮು ನಗುವಾಗಿ, ನಗು ಎಷ್ಟು ಜೋರಾಯಿತೆಂದರೆ ಓಡುತ್ತಿದ್ದ ಒಬ್ಬ ಅಂಕಲ್ ನಿಂತು ಅವರ ಬೆನ್ನು ತಟ್ಟಲು ಬಂದರು.

ನಗು ಇಳಿದ ಮೇಲೆ ಅಪ್ಪ ಕೆಲಸದ ಮಾತು ಆಡಿದರು. ಅಂಗಡಿಗೆ ಬಂದ ಹೆಂಗಸರಲ್ಲಿ ಹೆಚ್ಚಿನವರು ಅಳತೆಗೆ ಹಳೆಯ ಬ್ಲೌಸನ್ನೇ ಕೊಟ್ಟು ಹೋಗುತ್ತಿದ್ದರಂತೆ. ಟೇಪು ಹಿಡಿಯಲೇಬೇಕಾಗಿ ಬಂದರೆ, ಇವರಿಗೆ ಕಲಿಸಿದ ಮಾಸ್ತರು ಒಂದೇ ನಿಯಮ ಹೇಳಿದ್ದರಂತೆ: ಕಣ್ಣು ಟೇಪಿನ ಅಂಕಿಯ ಮೇಲಿರಬೇಕು, ಆಳಿನ ಮೇಲಲ್ಲ. ಮೂವತ್ತು ವರ್ಷ ಹಾಗೇ ನಡೆದುಕೊಂಡರು. "ಇದನ್ನ ಹೊಲಿದೋನು ಬಟ್ಟೆ ನೋಡೇ ಇಲ್ಲಮ್ಮ. ಆಳನ್ನೇ ನೋಡ್ಕೊಂಡು ಹೊಲಿದಿದಾನೆ. ಅದಕ್ಕೇ ಹಂಗಾಗಿದೆ," ಎಂದರು. ಮೂವತ್ತು ವರ್ಷದ ಟೈಲರೊಬ್ಬರು ಇನ್ನೊಬ್ಬ ಟೈಲರನ ಬಗ್ಗೆ ಹೇಳಿದ ಮಾತು ಅದು. ಅದಕ್ಕಿಂತ ಖಾರವಾದ ವಿಮರ್ಶೆಯನ್ನು ನಾನು ಗ್ರಂಥಾಲಯದ ಯಾವ ಪುಸ್ತಕದಲ್ಲೂ ಕಂಡಿಲ್ಲ.

ಮರುದಿನ ಆರೂವರೆಗೆ ಅಪ್ಪ ಸೋಫಾದ ಮೇಲೆ ಬಂದು ಕೂತರು. ನಾನು ವಾಚನ್ನು ಬಿಚ್ಚಿಟ್ಟಿದ್ದೆ. ಬಂದರಿನಲ್ಲಿ ಯುದ್ಧ, ಸುಡುಬಿಸಿಲು, ಬಿಲ್ಲುಗಾರ್ತಿ ಅದೇ ಕರ್ಚೀಫಿನಲ್ಲಿ. ಗೆದ್ದೆವು. ದೃಶ್ಯ ಶುರುವಾಯಿತು. ನಾನು ತ್ರಿಕೋನ ಒತ್ತಲು ಹೋದಾಗ ಅಪ್ಪ, ಇರು ಎಂದರು. ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಗ್ಗಿದರು. ಹುಕ್ ಎಲ್ಲಿದೆ, ಕಾಜಾ ಎಲ್ಲಿದೆ, ದಾರವಾದರೂ ಇದೆಯಾ ಎಂದು ಹುಡುಕಿದರು. ಇದು ಮೈಮೇಲೆ ನಿಲ್ಲುವುದು ಹೇಗೆ? ಕೈ ಎತ್ತಿ ಬಾಣ ತೆಗೆದರೆ ಕಂಕುಳ ಹತ್ತಿರ ಹರಿಯಬೇಕಲ್ಲ? ಅಲ್ಲಿಗೊಂದು ಪಟ್ಟಿ ಕೊಡಬೇಕಿತ್ತು ಎಂದರು. ಒಂಬತ್ತು ಸೆಕೆಂಡು ಅವರಿಗೆ ಸಾಲಲಿಲ್ಲ.

ಆಗಲೇ ಟಿವಿಯೊಳಗಿಂದ ಒಂದು ಗಂಡುದನಿ ಕೇಳಿಸಿತು. ನಮ್ಮೊಂದಿಗೆ ಆಡುತ್ತಿದ್ದ ಇಬ್ಬರು ಅಪರಿಚಿತರಲ್ಲಿ ಒಬ್ಬ ತನ್ನ ಮೈಕು ತೆರೆದಿಟ್ಟೇ ಪಕ್ಕದಲ್ಲಿದ್ದ ಗೆಳೆಯನೊಂದಿಗೆ ಮಾತಾಡುತ್ತಿದ್ದ. ಉತ್ತರ ಕರ್ನಾಟಕದ ಅಚ್ಚ ಕನ್ನಡ. ಇಲ್ಲಿ ಕೇಳುವವರಿಗೆ ಕನ್ನಡ ಬರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಬಿಲ್ಲುಗಾರ್ತಿಯ ಬಗ್ಗೆ ಅವನು ಆಡಿದ ಮಾತನ್ನು ಇಲ್ಲಿ ಬರೆಯಲಾರೆ. ನನ್ನ ಕಿವಿ ಬಿಸಿಯಾಯಿತು. ಅಪ್ಪ ಈಗ ಎದ್ದು ಹೋಗುತ್ತಾರೆ, ಮತ್ತೆ ಬರುವುದಿಲ್ಲ ಎಂದುಕೊಂಡೆ. ಅಪ್ಪ ಅಲ್ಲಿಯವರೆಗೆ ಮುಚ್ಚಿಟ್ಟಿದ್ದ ತಮ್ಮ ಕಂಟ್ರೋಲರಿನ ಮೈಕು ತೆರೆದು ಬಾಯಿಯ ಹತ್ತಿರ ತಂದರು.

"ಅದು ನಾನು ಕಣಪ್ಪ."

ಟಿವಿಯೊಳಗೆ ಏನೋ ಬಿದ್ದ ಸದ್ದು. ಲೋಟವಿರಬೇಕು.

"ಸಾರಿ ರೀ ಅಂಕಲ್," ಎಂದಿತು ದನಿ, ಮೊದಲಿಗಿಂತ ಬಹಳ ಸಣ್ಣದಾಗಿ. "ಹಿರೇರು ಆಡಾಕತ್ತೀರಿ ಅಂತ ಗೊತ್ತಿರಲಿಲ್ಲ ನೋಡ್ರಿ."

ಅಪ್ಪ, ಇರಲಿ ಬಿಡಪ್ಪ ಎಂದು ಯಾವ ಊರು ಎಂದು ಕೇಳಿದರು. ಗದಗಿನ ಕಡೆಯವನು, ಈಗ ಬಿಟಿಎಂನಲ್ಲಿ ರೂಮು, ಕೊರಿಯರ್ ಆಫೀಸಿನಲ್ಲಿ ಕೆಲಸ. ಊಟ ಆಯ್ತಾ ಎಂದರು. ಇನ್ನೂ ಇಲ್ಲ ಎಂದ. ಆಮೇಲೆ ಇನ್ನೆರಡು ಸುತ್ತು ಆಡಿದೆವು. ಅವನು ಬಿಲ್ಲುಗಾರ್ತಿಗೆ ಅಡ್ಡವಾಗಿ ನಿಂತು, ಹಿಂದ ಸರೀರಿ ಅಂಕಲ್, ನಾ ನೋಡ್ಕೋತೀನಿ ಎನ್ನುತ್ತ ಅಪ್ಪನ ಪಾಲಿನ ಏಟುಗಳನ್ನೆಲ್ಲ ತಾನೇ ತಿಂದ. ಅಪ್ಪನ ಹೆಬ್ಬೆರಳು ಬಟನ್ನಿನ ಮೇಲೆ ಬಗ್ಗಿ ಬಗ್ಗಿ ಏಳುತ್ತಿತ್ತು.

ಏಳೂವರೆಯಾಯಿತು. ಅವನು ಹೊರಡುವ ಮುಂಚೆ ಕೇಳಿದ, ನಾಳೀಗೂ ಬರ್ತೀರೇನ್ರಿ ಅಂಕಲ್?

ಅವನು ಕೇಳಿದ್ದು ಅಪ್ಪ ಒಬ್ಬರನ್ನೇ. ನಾನು ಪಕ್ಕದಲ್ಲಿರುವುದು ಅವನಿಗೆ ಗೊತ್ತಿರಲಿಲ್ಲ, ನಾನು ಅಷ್ಟು ಹೊತ್ತೂ ಬಾಯಿ ಬಿಟ್ಟಿರಲಿಲ್ಲ. ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸುತ್ತ, ಪರದೆಯ ಕಡೆಯೇ ನೋಡುತ್ತ ಹೇಳಿದರು.

"ಬರ್ತೀವಿ."